ಕಾರವಾರದ ಕೋಡಿಬಾಗದ ಉಪ್ಪುಗಾಳಿಯಲ್ಲೂ ನಿಂತ ಓವರ್‌ಕ್ಲಾಕ್: ನನ್ನ ಅನುಭವ

ರಾತ್ರಿಯಿಡೀ ಪ್ರೈಮ್95 (ಪ್ರೊಸೆಸರಿಗೆ ಪೂರ್ತಿ ಲೋಡ್ ಕೊಡುವ ಪರೀಕ್ಷೆ) ಓಡಿಸಿದರೂ ಅಲುಗಾಡದ ಯಂತ್ರ, ಬೆಳಿಗ್ಗೆ ಬರೀ ಬ್ರೌಸರ್ ತೆರೆದಿಟ್ಟಾಗ ಧಡಕ್ಕನೆ ರೀಸ್ಟಾರ್ಟ್ ಆಗುತ್ತದೆ. ನಮ್ಮ ಕಾರವಾರದ ಕಡೆ ರೈಜನ್ 5000 ಸರಣಿಯ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಿದವರ, ಅಂದರೆ ನಿಗದಿಗಿಂತ ವೇಗವಾಗಿ ಓಡಿಸಿದವರ, ದೂರು ಹೆಚ್ಚಾಗಿ ಇದೇ. ಹುಬ್ಬಳ್ಳಿಯಲ್ಲಿ ಕೇಳಿದರೂ ಮಡಗಾಂವದಲ್ಲಿ ಕೇಳಿದರೂ ಉತ್ತರ ಒಂದೇ: ಕಡಲ ಬದಿಯಲ್ಲಿ ಓವರ್‌ಕ್ಲಾಕ್ ನಿಲ್ಲುವುದಿಲ್ಲ, ಉಪ್ಪುಗಾಳಿ ಮದರ್‌ಬೋರ್ಡ್ ತಿಂದಿದೆ, ಬದಲಿಸಿ. ಬೋರ್ಡಿಗೆ 12 ಸಾವಿರದ ಆಸುಪಾಸು. ಬೋರ್ಡ್ ಬದಲಿಸದೆಯೇ ನನ್ನ ಎಡಿಟಿಂಗ್ ಯಂತ್ರ ಒಂದು ಬೇಸಿಗೆ, ಒಂದು ಮಳೆಗಾಲ ಪೂರ್ತಿ ನಿಂತಿದೆ. ಬೆಳಗಿನ ತನಕದ ಯಕ್ಷಗಾನದ ರೆಕಾರ್ಡಿಂಗ್ ರೆಂಡರ್ ಮಾಡುವಾಗಲೂ ಬಿದ್ದಿಲ್ಲ, ಖಾಲಿ ಕೂತಾಗಲೂ ಬಿದ್ದಿಲ್ಲ.

ನನ್ನ ಯಂತ್ರದಲ್ಲಿರುವುದು ರೈಜನ್ 5600ಎಕ್ಸ್ ಪ್ರೊಸೆಸರ್, ಬಿ550 ಬೋರ್ಡ್, 16 ಜಿಬಿಯ ಎರಡು ಡಿಡಿಆರ್4 3600 ರ‍್ಯಾಮ್ ಸ್ಟಿಕ್, 650 ವಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ). ಮೊದಲು ಹಾಕಿದ್ದು: ಪಿಬಿಒ (ಪ್ರೊಸೆಸರ್ ತಾನೇ ಇನ್ನೂ ಮೇಲಕ್ಕೆ ಹಾರಲು ಬಿಡುವ ಸೆಟ್ಟಿಂಗ್) ಆನ್, ಬೂಸ್ಟ್ +200 ಮೆಗಾಹರ್ಟ್ಸ್, ಕರ್ವ್ ಆಪ್ಟಿಮೈಸರ್ (ಕೋರಿನ ವೋಲ್ಟೇಜ್ ಇಳಿಸುವ ಸೆಟ್ಟಿಂಗ್) ಎಲ್ಲ ಕೋರಿಗೂ ಮೈನಸ್ 30. ವಿಡಿಯೋ ನೋಡಿ ಎಲ್ಲರೂ ಹಾಕುವ ಸೆಟ್ಟಿಂಗ್ ಇದೇ, ಎಲ್ಲರೂ ಬೀಳುವುದೂ ಇಲ್ಲೇ.

ಯಂತ್ರ ಬಿದ್ದರೆ ಮೊದಲು ವಿಂಡೋಸ್‌ನ ದಾಖಲೆ ತೋರಿಸುವ ಇವೆಂಟ್ ವ್ಯೂವರ್ ನೋಡಿ. ಕರ್ನಲ್-ಪವರ್ 41 ಕಂಡರೆ ಏನೂ ತಿಳಿದ ಹಾಗಲ್ಲ; ಯಂತ್ರ ಸರಿಯಾಗಿ ಆಫ್ ಆಗಲಿಲ್ಲ ಎಂದಷ್ಟೇ ಅದರ ಅರ್ಥ. ಅದರ ಜೊತೆಗೆ ಡಬ್ಲ್ಯುಎಚ್‌ಇಎ-ಲಾಗರ್ (ಹಾರ್ಡ್‌ವೇರ್ ಎರರ್ ದಾಖಲೆ) 18 ಇದ್ದರೆ ಕೋರ್ ಕಡೆ ನೋಡಿ. 19 ಸಾಲುಸಾಲಾಗಿ ಬರುತ್ತಿದ್ದರೆ ಎಫ್‌ಕ್ಲಾಕ್ (ಪ್ರೊಸೆಸರಿನ ಒಳಭಾಗಗಳನ್ನು ಜೋಡಿಸುವ ದಾರಿಯ ವೇಗ) ಅಥವಾ ಎಸ್ಒಸಿ (ಮೆಮೊರಿ ಕಂಟ್ರೋಲರ್ ಇರುವ ಭಾಗ) ವೋಲ್ಟೇಜ್ ಕಡೆ ನೋಡಿ. ನೀಲಿ ಪರದೆಯ ಹೆಸರು ದಿನಕ್ಕೊಂದು ಬದಲಾಗುತ್ತಿದ್ದರೆ, ಅಂದರೆ ಇವತ್ತು ಮೆಮೊರಿ ಮ್ಯಾನೇಜ್‌ಮೆಂಟ್, ನಾಳೆ ಪೇಜ್ ಫಾಲ್ಟ್, ಮೊದಲ ಸಂಶಯ ರ‍್ಯಾಮ್ ಮೇಲೆ. 41 ಒಂದೇ ಇದ್ದು ಬಗ್‌ಚೆಕ್ ಕೋಡ್ (ನೀಲಿ ಪರದೆಯ ಸಂಖ್ಯೆ) ಸೊನ್ನೆ ಇದ್ದರೆ ಗೋಡೆಯ ಪ್ಲಗ್ಗಿನಿಂದ ಶುರು ಮಾಡಿ.

ಕರೆಂಟಿನ ವಿಷಯ ನಮ್ಮಲ್ಲಿ ದೊಡ್ಡದು. ಕರೆಂಟ್ ಹೋದ ಮೇಲೆ ಎಸ್‌ಎಂಪಿಎಸ್ ತುಂಬು ಲೋಡಿನಲ್ಲಿ ತಡೆದುಕೊಳ್ಳುವುದು ಸುಮಾರು 16-17 ಮಿಲಿಸೆಕೆಂಡ್. ಮನೆಯ ಇನ್ವರ್ಟರ್ ನಾರ್ಮಲ್ ಮೋಡ್‌ನಲ್ಲಿದ್ದರೆ ಬ್ಯಾಟರಿಗೆ ಹೊರಳಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು, ತುಂಬು ಲೋಡಿನಲ್ಲಿ ಯಂತ್ರ ಬಿದ್ದೇ ಬೀಳುತ್ತದೆ. ಹಿಂಬದಿಯ ಸ್ವಿಚ್ ಯುಪಿಎಸ್ ಮೋಡ್‌ಗೆ ಹಾಕಿ. ಆದರೆ ಆ ಮೋಡ್‌ನಲ್ಲಿ ಇನ್‌ಪುಟ್ 180 ವೋಲ್ಟಿಗಿಂತ ಕೆಳಗಿಳಿದರೆ ಹೆಚ್ಚಿನ ಇನ್ವರ್ಟರ್‌ಗಳು ಬ್ಯಾಟರಿಗೆ ಹಾರುತ್ತವೆ; ಸಂಜೆ ವೋಲ್ಟೇಜ್ ಇಳಿಯುವ ಕಡೆ ಬ್ಯಾಟರಿ ಬೇಗ ಮುಗಿಯುತ್ತದೆ. ಇನ್ವರ್ಟರ್‌ಗಿಂತ ಮೊದಲೇ ಸ್ಟೆಬಿಲೈಸರ್ ಕೂರಿಸಿದರೆ ಸರಿ. ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದವರು ಪ್ಯೂರ್ ಸೈನ್‌ಗೆ ಬದಲಿಸದೆ ಮುಂದೆ ಹೋಗಬೇಡಿ, ಆಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್) ಇರುವ ಎಸ್‌ಎಂಪಿಎಸ್‌ಗೆ ಅದು ಒಗ್ಗುವುದಿಲ್ಲ.

ಇಲ್ಲೇ ಅರ್ತಿಂಗ್ ಕೂಡ ನೋಡಿದೆ. ಚಿರೇಕಲ್ಲಿನ ನೆಲ ಏಪ್ರಿಲ್-ಮೇನಲ್ಲಿ ಒಣಗಿ ಹೋಗುತ್ತದೆ. ಮಲ್ಟಿಮೀಟರಿನಲ್ಲಿ ನ್ಯೂಟ್ರಲ್-ಅರ್ತ್ ನಡುವೆ 9-10 ವೋಲ್ಟ್ ಇತ್ತು. ಅರ್ತಿಂಗ್ ಗುಂಡಿಗೆ ದಿನಾ ನಾಲ್ಕಾರು ಕೊಡ ನೀರು ಹೊಯ್ದ ಮೇಲೆ 3ರ ಹತ್ತಿರ ಬಂತು. ಕ್ರ್ಯಾಶ್ ನಿಲ್ಲಲಿಲ್ಲ. ಸ್ಪೀಕರಿನ ಗುಂಯ್ ಸದ್ದು ಮಾತ್ರ ಪೂರಾ ಹೋಯಿತು, ಆಡಿಯೋ ಕೆಲಸ ಮಾಡುವವರಿಗೆ ಅದೂ ಸಣ್ಣದಲ್ಲ.

ಹಣ ನುಂಗಿ ಫಲ ಕೊಡದವು ಇನ್ನೂ ಇವೆ. ಹೊಸ ಎಸ್‌ಎಂಪಿಎಸ್, ಸುಮಾರು ಆರೂವರೆ ಸಾವಿರ: ಏನೂ ಬದಲಾಗಲಿಲ್ಲ. ಲೋಡ್‌ಲೈನ್ (ಲೋಡ್ ಬಿದ್ದಾಗ ವೋಲ್ಟೇಜ್ ಕುಸಿಯದಂತೆ ತಡೆಯುವ ಸೆಟ್ಟಿಂಗ್) ಏರಿಸಿದರೆ ಬಿಸಿ 6-7 ಡಿಗ್ರಿ ಏರಿತೇ ಹೊರತು ಖಾಲಿ ಇದ್ದಾಗಿನ ಕ್ರ್ಯಾಶ್ ಹಾಗೇ ಉಳಿಯಿತು. ಸಿ-ಸ್ಟೇಟ್ (ಖಾಲಿ ಕೋರನ್ನು ಮಲಗಿಸುವ ವ್ಯವಸ್ಥೆ) ಆಫ್ ಮಾಡಿದರೆ ಕ್ರ್ಯಾಶ್ ನಿಲ್ಲುತ್ತದೆ ನಿಜ, ಆದರೆ ಸುಮ್ಮನೆ ಕೂತಾಗಲೂ ಸುಮಾರು 20 ವಾಟ್ ಜಾಸ್ತಿ ಎಳೆಯುತ್ತದೆ, ರೋಗ ಒಳಗೇ ಉಳಿಯುತ್ತದೆ. ಕ್ಯಾಬಿನೆಟ್ಟಿನೊಳಗೆ ಸಿಲಿಕಾ ಜೆಲ್ ಇಡುವುದು ವ್ಯರ್ಥ. ಫ್ಯಾನ್ ಹೊರಗಿನ ಗಾಳಿಯನ್ನು ಎಳೆಯುತ್ತಲೇ ಇರುತ್ತದೆ. ಆ ಪೊಟ್ಟಣಗಳನ್ನು ಬಿಡಿ ಸ್ಟಿಕ್ ಇಡುವ ಡಬ್ಬಿಗೆ ಹಾಕಿ. ಜುಲೈ ತಿಂಗಳಲ್ಲಿ ಯಂತ್ರವನ್ನು ದಿನಕ್ಕೆ ಒಂದೆರಡು ತಾಸಾದರೂ ಓಡಿಸಿ. ಮುಚ್ಚಿದ ಕೋಣೆಯಲ್ಲಿ ವಾರಗಟ್ಟಲೆ ಆಫ್ ಇಟ್ಟಾಗಲೇ ತೇವ ಕೂರುವುದು.

ರ‍್ಯಾಮ್ ಪರೀಕ್ಷೆಗೆ ಕೋರನ್ನು ಸ್ಟಾಕ್‌ಗೆ, ಅಂದರೆ ಕಂಪನಿಯ ಮೂಲ ಸೆಟ್ಟಿಂಗ್‌ಗೆ, ತನ್ನಿ, ಕೋರ್ ಪರೀಕ್ಷೆಗೆ ರ‍್ಯಾಮ್ ಎಕ್ಸ್‌ಎಂಪಿ (ಹೆಚ್ಚಿನ ವೇಗದ ಪ್ರೊಫೈಲ್) ಆಫ್ ಮಾಡಿ. ಎರಡನ್ನೂ ಒಟ್ಟಿಗೆ ಮುಟ್ಟಿದರೆ ತಿಂಗಳು ಕಳೆದರೂ ಉತ್ತರ ಸಿಗದು. ರ‍್ಯಾಮ್ ಪರೀಕ್ಷಿಸುವ ಟೆಸ್ಟ್‌ಮೆಮ್5 ಮೊದಲ ಅರ್ಧ ತಾಸು ಶುದ್ಧವಾಗಿದ್ದು ಆಮೇಲೆ ಎರರ್ ಕೊಟ್ಟರೆ ಅದು ಬಿಸಿಯ ಎರರ್. ನಮ್ಮ ಮೇ ತಿಂಗಳಲ್ಲಿ ಕೋಣೆಯೇ 33 ಡಿಗ್ರಿ, ಸ್ಟಿಕ್ 50 ದಾಟಿತ್ತು. ಟಿಆರ್‌ಎಫ್‌ಸಿ (ರ‍್ಯಾಮ್ ರಿಫ್ರೆಶ್‌ಗೆ ಕೊಡುವ ಸಮಯ) ಸ್ವಲ್ಪ ಸಡಿಲಿಸಿ, ಸ್ಟಿಕ್ ಮೇಲೆ ಗಾಳಿ ಬೀಳುವಂತೆ ಚಿಕ್ಕ ಫ್ಯಾನ್ ಕಟ್ಟಿದೆ. ಫ್ಯಾನನ್ನು ಯಾವ ಕೋನದಲ್ಲಿ ಕಟ್ಟಿದ್ದೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ, ಅದು ನನ್ನ ಗಿರಾಕಿಗಳಿಗೆ.

ಸ್ಟಿಕ್‌ನ ಕಾಂಟ್ಯಾಕ್ಟ್ ಮಂಕಾಗಿದ್ದರೆ ರಬ್ಬರಿನಿಂದ ಉಜ್ಜುವುದು ಎಲ್ಲ ಅಂಗಡಿಯಲ್ಲೂ ರೂಢಿ. ನಾನು ಒಪ್ಪುವುದಿಲ್ಲ. ಚಿನ್ನದ ಲೇಪ ತೀರಾ ತೆಳು. ಅದು ಸವೆದು ಕೆಳಗಿನ ನಿಕ್ಕಲ್ ಕಂಡರೆ ಉಪ್ಪುಗಾಳಿಗೆ ಬಾಗಿಲು ತೆರೆದುಕೊಟ್ಟಂತೆ. 99 ಶೇಕಡಾದ ಐಸೊಪ್ರೊಪೈಲ್ ಆಲ್ಕೋಹಾಲ್ ಬಾಟಲಿಗೆ ಮುನ್ನೂರು-ನಾನ್ನೂರು ರೂಪಾಯಿ, ವರ್ಷಗಟ್ಟಲೆ ಬರುತ್ತದೆ. ಮೆಡಿಕಲ್ ಶಾಪಿನ ಸ್ಪಿರಿಟ್ ಬೇಡ, ಅದರಲ್ಲಿ ನೀರಿರುತ್ತದೆ.

ಈಗ ಕೋರ್. 18ನೇ ಇವೆಂಟಿನೊಳಗೆ ಎಪಿಐಸಿ ಐಡಿ, ಅಂದರೆ ಎರರ್ ಎಲ್ಲಿ ಬಂತೆಂದು ತೋರಿಸುವ ಸಂಖ್ಯೆ, ಇರುತ್ತದೆ. 5600ಎಕ್ಸ್‌ನಲ್ಲಿ ಎಸ್‌ಎಂಟಿ (ಒಂದು ಕೋರ್ ಎರಡು ಥ್ರೆಡ್ ಓಡಿಸುವುದು) ಆನ್ ಇದ್ದರೆ ಅದನ್ನು ಎರಡರಿಂದ ಭಾಗಿಸಿ, ಶೇಷ ಬಿಡಿ: 4 ಅಥವಾ 5 ಬಂದರೆ ಕೋರ್ 2, ಎಣಿಕೆ ಸೊನ್ನೆಯಿಂದ. ಎಲ್ಲ ಕೋರಿಗೂ ಲೋಡ್ ಬಿದ್ದಾಗ ಕ್ಲಾಕ್ ಕೆಳಗೇ ಇರುತ್ತದೆ; 4.85 ಗಿಗಾಹರ್ಟ್ಸ್‌ಗೆ ಹಾರುವುದು ಒಂಟಿ ಕೋರ್ ಎದ್ದಾಗ. ಬೀಳುವುದೂ ಆಗಲೇ. ಆದ್ದರಿಂದ ರಾತ್ರಿಯ ಆಲ್-ಕೋರ್ ಟೆಸ್ಟ್ ಪಾಸಾದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒಂದೊಂದೇ ಕೋರನ್ನು ಪರೀಕ್ಷಿಸುವ ಕೋರ್‌ಸೈಕ್ಲರ್ ಹಾಕಿ, ಅದರಲ್ಲಿ ಪ್ರೈಮ್95 ಎಸ್‌ಎಸ್‌ಇ, ಹ್ಯೂಜ್ ಎಫ್‌ಎಫ್‌ಟಿ ಆರಿಸಿ, ಕೋರಿಗೆ ಆರೇಳು ತಾಸು. ಎರರ್ ಬಂದ ಕೋರಿಗೆ ಮಾತ್ರ ಕರ್ವ್ ಆಪ್ಟಿಮೈಸರಿನ ಮೈನಸ್‌ನಿಂದ 3ರಿಂದ 5 ಪಾಯಿಂಟ್ ವಾಪಸ್ ಕೊಡಿ. ಒಂದು ಪಾಯಿಂಟ್ ಅಂದರೆ ಹೆಚ್ಚುಕಡಿಮೆ 3-5 ಮಿಲಿವೋಲ್ಟ್. ನನ್ನ ಚಿಪ್ಪಿನಲ್ಲಿ ವಿಂಡೋಸ್ ಮೊದಲು ಆರಿಸುವ ಎರಡು ಒಳ್ಳೆಯ ಕೋರ್‌ಗಳೇ ಬೇಗ ಸೋತವು: ಒಂದು ಮೈನಸ್ 8, ಇನ್ನೊಂದು 12ರ ಹತ್ತಿರ ನಿಂತಿತು. ಉಳಿದ ನಾಲ್ಕು 20ರಿಂದ 26. ಅಷ್ಟಾದ ಮೇಲೆ ಸ್ಲೀಪ್‌ಗೆ ಹಾಕಿ ಎಬ್ಬಿಸುವ ಪರೀಕ್ಷೆ. ಅದಕ್ಕೊಂದು ಪುಟ್ಟ ಸ್ಕ್ರಿಪ್ಟ್ ಬರೆದಿದ್ದೇನೆ, ಅದು ನನ್ನ ಹತ್ತಿರವೇ ಇರಲಿ.

ಬೋರ್ಡ್ ಬದಲಿಸಿ ಎಂದವರಿಗೆ ಸಿನೆಬೆಂಚ್ (ಪ್ರೊಸೆಸರಿನ ವೇಗ ಅಳೆಯುವ ಪರೀಕ್ಷೆ) ಅಂಕ ತೋರಿಸಿದೆ: ಎಲ್ಲ ಕೋರ್ ಮೈನಸ್ 30ರಲ್ಲಿದ್ದಾಗಿನದಕ್ಕಿಂತ ಶೇಕಡಾ ಒಂದರಷ್ಟೂ ಇಳಿದಿಲ್ಲ.

ಇನ್ನೊಂದು ಮಾತು ಶಿರಸಿ ಕಡೆಯವರಿಗೆ. ಇಲ್ಲಿ ಮೇ ತಿಂಗಳ ಸೆಕೆಯಲ್ಲಿ ಪಕ್ಕಾ ಮಾಡಿ ಕಳಿಸಿದ ಯಂತ್ರವೊಂದು ಅಲ್ಲಿ ಡಿಸೆಂಬರ್ ಬೆಳಗಿನ ಚಳಿಗೆ ಬಿತ್ತು. ಚಿಪ್ ತಂಪಿದ್ದಷ್ಟೂ ರೈಜನ್ ಮೇಲಕ್ಕೆ ಹಾರುತ್ತದೆ, ಕಾರವಾರದಲ್ಲಿ ಮುಟ್ಟದ ಕ್ಲಾಕನ್ನು ಅಲ್ಲಿ ಮುಟ್ಟಿತು. ಈಗ ಶಿರಸಿಗೆ ದೇವಿಮನೆ ಘಟ್ಟ ಹತ್ತುವ ಯಂತ್ರವಾದರೆ ಆ ಎರಡು ಒಳ್ಳೆಯ ಕೋರಿಗೆ ಇನ್ನೂ 3 ಪಾಯಿಂಟ್ ವಾಪಸ್ ಕೊಟ್ಟೇ ಕಳಿಸುತ್ತೇನೆ.