ಗಸಿ ಮೇಲೆ ಚಳಿಗಾಲ ಕಳೆಯೋ ವೈನ್: ಮಸ್ಕಡೆ ಸೆಲ್ಲಾರಲ್ಲಿ ನನ್ನ ಅನುಭವ

ಫ್ರಾನ್ಸಿನ ವೈಟ್ ವೈನ್ ಅಂದ್ರೆ ಎಲ್ರೂ ಶಾರ್ಡೊನೆ, ಸೊವಿನ್ಯೋನ್ ಬ್ಲಾಂ ಅಂತಾರೆ. ನಾನು ಕೆಲಸ ಮಾಡಿದ್ದು ಮಸ್ಕಡೆ ಅನ್ನೋ ವೈಟ್ ವೈನ್ ಮಾಡೋ ಕಡೆ, ನಾಂತ್ ಸಿಟಿಯಿಂದ ಆಗ್ನೇಯಕ್ಕೆ, ಕ್ಲಿಸೋನ್ ಹತ್ರ ಒಂದು ಸಣ್ಣ ತೋಟದಲ್ಲಿ. ದ್ರಾಕ್ಷಿ ಕೊಯ್ಲಿಗೆ ಅಂತ ಸೇರ್ಕೊಂಡೋನು ಬಾಟ್ಲಿ ತುಂಬೋವರೆಗೂ ಅಲ್ಲೇ ಉಳ್ಕೊಂಡೆ.

ದ್ರಾಕ್ಷಿ ತಳಿ ಮೆಲೋನ್ ದ ಬೂರ್ಗೋನ್. ಮಸ್ಕಟ್ ದ್ರಾಕ್ಷಿಗೂ ಇದಕ್ಕೂ ಸಂಬಂಧ ಇಲ್ಲ, ಶಾರ್ಡೊನೆಗೆ ಇದು ಒಡಹುಟ್ಟು, ಡಿಎನ್‌ಎ ಟೆಸ್ಟಲ್ಲಿ ಗೊತ್ತಾಗಿರೋದು. 1709ರ ಭೀಕರ ಚಳಿಗೆ ಆ ಭಾಗದ ಬಳ್ಳಿಗಳು ಸತ್ತೋದ್ಮೇಲೆ, ಚಳಿ ತಡ್ಕೊಳ್ಳತ್ತೆ ಅಂತ ಇದನ್ನೇ ಜಾಸ್ತಿ ನೆಟ್ರು, ಭಟ್ಟಿ ಇಳಿಸೋಕೆ ಡಚ್ ವ್ಯಾಪಾರಿಗಳಿಗೂ ಇಂಥ ತೆಳು ವೈನೇ ಬೇಕಿತ್ತು. ಹಣ್ಣು ಬಾಯಿಗೆ ಹಾಕ್ಕೊಂಡ್ರೆ ಅಂಥಾ ಪರಿಮಳ ಏನಿಲ್ಲ, ಒಂದಿಷ್ಟು ಹುಳಿ ಅಷ್ಟೇ. ಹಂಗಾಗಿ ರುಚಿ ಬರೋದೆಲ್ಲ ಸೆಲ್ಲಾರಲ್ಲಿ, ಅದೂ ಏನೂ ಮಾಡ್ದೆ ಸುಮ್ನೆ ಬಿಡೋದ್ರಿಂದ.

ಆ ಕಡೆ ಬಹುಪಾಲು ಕೊಯ್ಲು ಮಷೀನಲ್ಲೇ ಆಗತ್ತೆ, ನಮ್ಮ ತೋಟದಲ್ಲಿ ಮಾತ್ರ ಕೈಕತ್ತರಿ. ಗೊನೆ ಸಣ್ಣದು, ಕಾಳು ಒತ್ತೊತ್ತಾಗಿ ಕೂತಿರತ್ತೆ, ಮಳೆ ಬಂದ್ರೆ ಮಧ್ಯದಲ್ಲಿ ಬೂದು ಬಣ್ಣದ ಬೂಷ್ಟು ಹಿಡಿಯತ್ತೆ, ಅದಕ್ಕೇ ಪ್ರತಿ ಗೊನೆನೂ ತಿರುಗಿಸಿ ನೋಡಿ ಕೆಟ್ಟಿದ್ದನ್ನ ಅಲ್ಲೇ ಕತ್ತರಿಸಿ ಬಿಸಾಕ್ಬೇಕು. ಆಮೇಲೆ ಪ್ರೆಸ್ಸಿಗೆ ಹಾಕಿ ನಿಧಾನಕ್ಕೆ ಹಿಂಡೋದು, ರಸ ತಣ್ಣಗೆ ಒಂದು ರಾತ್ರಿ ನಿಂತ್ಕೊಳ್ಳತ್ತೆ, ಬೆಳಗ್ಗೆ ಮೇಲಿನ ತಿಳಿ ಬೇರೆ ತೊಟ್ಟಿಗೆ.

ತೊಟ್ಟಿ ಅಂದ್ರೆ ಸ್ಟೀಲಿನದ್ದಲ್ಲ, ನೆಲದೊಳಗೆ ಕಟ್ಟಿರೋದು, ಒಳಗೋಡೆಗೆ ಗಾಜಿನ ಬಿಲ್ಲೆ ಮೆತ್ತಿರ್ತಾರೆ, ಮೇಲಿಂದ ಕಾಣೋದು ನೆಲದ ಮಟ್ಟಕ್ಕೆ ಒಂದು ಮುಚ್ಚಳ ಅಷ್ಟೇ. ಮಣ್ಣೊಳಗೆ ಇರೋದ್ರಿಂದ ಚಳಿಗಾಲ ಪೂರ್ತಿ ಟೆಂಪರೇಚರ್ ಹೆಚ್ಚುಕಮ್ಮಿ ಒಂದೇ ಥರ. ಹುದುಗು ಮುಗಿದ್ಮೇಲೆ ಸತ್ತ ಯೀಸ್ಟ್ ತಳಕ್ಕೆ ಕೂರತ್ತೆ, ಬೇರೆ ಕಡೆ ಆದ್ರೆ ವೈನನ್ನ ಅದ್ರಿಂದ ಬೇಗ ಬೇರೆ ಮಾಡಿಬಿಡ್ತಾರೆ, ಇಲ್ಲಿ ಹಂಗೇ ಗಸಿ ಮೇಲೆ ಬಿಡ್ತಾರೆ. ಲೇಬಲ್ ಮೇಲೆ ‘ಸ್ಯುರ್ ಲೀ’ (ಅಂದ್ರೆ ಗಸಿ ಮೇಲೆ) ಅಂತ ಹಾಕ್ಬೇಕು ಅಂದ್ರೆ ಮಾರ್ಚ್ 1ರ ಮುಂಚೆ ಬಾಟ್ಲಿ ತುಂಬಂಗಿಲ್ಲ, ನಿಯಮಾನೇ ಇದೆ. ಅಷ್ಟು ತಿಂಗಳು ನನ್ನ ಕೆಲಸ ಅಂದ್ರೆ ರುಚಿ ನೋಡೋದು, ವೈನ್ ಕೆಡದಂಗೆ ಹಾಕೋ ಸಲ್ಫರ್ ಎಷ್ಟಿದೆ ಅಂತ ಚೆಕ್ ಮಾಡೋದು, ತೊಟ್ಟಿ ಮೇಲ್ವರೆಗೂ ತುಂಬಿದ್ಯಾ ಅಂತ ನೋಡೋದು. ಡಿಸೆಂಬರಲ್ಲಿ ಬರೀ ಹುಳಿ ಹೊಡೀತಿದ್ದ ವೈನು ಫೆಬ್ರವರಿ ಹೊತ್ತಿಗೆ ನಾಲಿಗೆ ಮೇಲೆ ತುಂಬ್ಕೊಳ್ಳೋ ಥರ ಆಗಿತ್ತು. ಹುದುಗಿನ ಗ್ಯಾಸೂ ಸ್ವಲ್ಪ ಉಳ್ಕೊಂಡಿರತ್ತೆ, ನಾಲಿಗೆ ತುದೀಲಿ ಚುರುಚುರು ಅನ್ನೋದು ಅದೇ.

ಬಾಟ್ಲಿ ತುಂಬಿದ್ಮೇಲೆ ತೊಟ್ಟಿ ತೊಳೆಯೋಕೆ ಒಳಗೆ ಇಳೀಬೇಕು, ಇದು ಹುಡುಗಾಟ ಅಲ್ಲ. ಕಾರ್ಬನ್ ಡೈಆಕ್ಸೈಡ್ ಕೆಳಗೇ ನಿಂತಿರತ್ತೆ, ಕಣ್ಣಿಗೆ ಕಾಣಲ್ಲ, ಹಂಗೇ ಇಳಿದ್ರೆ ಜೀವ ಹೋಗತ್ತೆ. ಮೊದ್ಲು ಫ್ಯಾನ್ ಹಾಕಿ ಗಾಳಿ ಆಡಿಸಿ, ಮೀಟರ್ ಇಳಿಬಿಟ್ಟು ನೋಡಿ, ಮೇಲೆ ಒಬ್ರು ನಿಂತಿದ್ರೆ ಮಾತ್ರ ನಾನು ಏಣಿ ಮೇಲೆ ಕಾಲಿಡ್ತಿದ್ದೆ. ತಳದಲ್ಲಿ ಕೆನೆ ಬಣ್ಣದ ಗಸಿ, ರಾತ್ರಿಯಿಡೀ ಉಬ್ಬಿದ ದೋಸೆ ಹಿಟ್ಟಿನ ವಾಸನೆ.

ಅಲ್ಲಿಯವ್ರು ಇದನ್ನ ಸಿಂಪಿ ಜೊತೆ ಕುಡೀತಾರೆ. ನನಗೆ ಹಸಿ ಸಿಂಪಿ ಇಳೀಲಿಲ್ಲ, ನಾಂತ್ ಮಾರ್ಕೆಟ್ಟಿಂದ ಬಂಗಡೆ ಜಾತಿ ಮೀನು ತಂದು ಖಾರ ಕಮ್ಮಿ ಹಾಕಿ ತವಾ ಫ್ರೈ ಮಾಡ್ಕೊಂಡೆ, ಎಣ್ಣೆ ಜಿಡ್ಡನ್ನ ವೈನಿನ ಹುಳಿ ಚೆನ್ನಾಗಿ ಕತ್ತರಿಸತ್ತೆ. ಮೆಣಸಿನಪುಡಿ ಜಾಸ್ತಿ ಆದ್ರೆ ಮಾತ್ರ ವೈನು ನೀರಾಗಿಬಿಡತ್ತೆ. ಕೊಳ್ಳೋರು ಲೇಬಲ್ಲಲ್ಲಿ ‘ಸೆವ್ರ್ ಎ ಮೇನ್’ (ಮಸ್ಕಡೆ ಬೆಳೆಯೋ ಒಂದು ಭಾಗದ ಹೆಸರು), ‘ಸ್ಯುರ್ ಲೀ’ ಎರಡೂ ಇದ್ಯಾ ನೋಡಿ. ಸ್ವಲ್ಪ ದುಡ್ಡು ಜಾಸ್ತಿ ಆದ್ರೂ ಪರ್ವಾಗಿಲ್ಲ ಅಂದ್ರೆ ಕ್ಲಿಸೋನ್ ಅಥ್ವಾ ಗೋರ್ಜ್ ಹೆಸರಿರೋ ಬಾಟ್ಲಿ ತಗೊಳ್ಳಿ, 2011ರಿಂದ ಈ ಊರುಗಳಿಗೆ ಬೇರೆ ಮಾನ್ಯತೆ ಸಿಕ್ಕಿದೆ, ಗಸಿ ಮೇಲೆ ಇನ್ನೂ ಜಾಸ್ತಿ ದಿನ ಇರತ್ತೆ, ತುಂಬಾ ಕೋಲ್ಡ್ ಮಾಡ್ದೆ ಕುಡೀರಿ.