ಹಳೇ ಜಿಪ್ಸಿಗೆ ಟ್ರೇಲರ್ ಹುಕ್ ಹಾಕಿಸಿದ್ದು

ಕುಯ್ಲಿನ ಕಾಲದಲ್ಲಿ ನಮ್ಮ ಕಡೆ ಬಾಡಿಗೆ ಪಿಕಪ್ ಸಿಗುವುದು ಕಷ್ಟ. ಆಲ್ದೂರು ಸುತ್ತಮುತ್ತ ಎಲ್ಲರ ಅರೇಬಿಕಾ ಕಾಫಿಯೂ ಹೆಚ್ಚುಕಡಿಮೆ ಒಟ್ಟಿಗೇ ಹಣ್ಣಾಗುತ್ತದೆ, ಎಲ್ಲರಿಗೂ ಅದೇ ವಾರ ಗಾಡಿ ಬೇಕು. ತೋಟದ ಕೆಳಗಿನ ಬ್ಲಾಕಿನಿಂದ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ವರೆಗೆ ಹಣ್ಣಿನ ಮೂಟೆ ತರಲು, ಮಳೆಗಾಲದ ಮುಂಚೆ ಬೋರ್ಡೋ ಔಷಧಿ ಹೊಡೆಯುವ ಪಂಪು, ಡ್ರಮ್ಮು ಒಯ್ಯಲು ನಮ್ಮದೇ ಗಾಡಿಗೆ ಒಂದು ಸಣ್ಣ ಟ್ರೇಲರ್ ಇರಲಿ ಎಂದುಕೊಂಡೆ. ಗಾಡಿ 1997ರ ಜಿಪ್ಸಿ ಕಿಂಗ್. 1.3 ಲೀಟರ್ ಪೆಟ್ರೋಲ್, ಕಾರ್ಬ್ಯುರೇಟರ್, ಫೋರ್ ವ್ಹೀಲ್. ಇಂಜಿನ್ ಗಟ್ಟಿ. ನನಗೆ ಅನುಮಾನ ಇದ್ದದ್ದು ಚಾಸಿ ಮೇಲೆ.

ಟ್ರೇಲರ್ ಬೇಗ ಸಿಕ್ಕಿತು. ಹಿಂದೆ ಜೀಪಿಗೆ ಕಟ್ಟುತ್ತಿದ್ದ ಹಳೇ ಒಂಟಿ ಆಕ್ಸಲ್ ಟ್ರೇಲರ್, ಕೆಎ 18 ನಂಬರಿನದೇ, ಕಾಗದ ಸರಿ ಇತ್ತು. ಕಾಗದ ಮೊದಲು ನೋಡಿ. ಕಾನೂನಿನ ಲೆಕ್ಕದಲ್ಲಿ ಟ್ರೇಲರ್ ಅಂದರೆ ಬೇರೆಯೇ ಒಂದು ವಾಹನ, ಅದಕ್ಕೆ ಅದರದೇ ನೋಂದಣಿ ಬೇಕು. ತೋಟದೊಳಗೆ ಯಾರೂ ಕೇಳುವುದಿಲ್ಲ, ಗೇಟು ದಾಟಿ ಟಾರ್ ರಸ್ತೆಗೆ ಬಂದರೆ ಕೇಳುತ್ತಾರೆ.

ಹುಕ್ ಹುಡುಕುವುದಕ್ಕೇ ಹೆಚ್ಚು ಓಡಾಟವಾಯಿತು. ಚಿಕ್ಕಮಗಳೂರಿನಲ್ಲಿ ಕಾರ್ ಡೆಕೋರೇಷನ್ ಅಂಗಡಿಗೆ ಹೋಗಿ ಕೇಳಿದರೆ ಟ್ರೇಲರ್ ಸಿಕ್ಕಿಸುವಂಥ, ಕ್ರೋಮ್ ಹೊಳೆಯುವ ಗುಂಡು ಎತ್ತಿ ತೋರಿಸುತ್ತಾರೆ. ಹಣೆಗೆ ಬೊಟ್ಟು ಇಟ್ಟ ಹಾಗೆ ಅದು, ಚಂದಕ್ಕೆ. ತೆಳು ತಗಡಿನ ಪಟ್ಟಿ, ಬಂಪರ್‌ಗೆ ಎರಡು ಬೋಲ್ಟು. ಹಿಂದಿನಿಂದ ಯಾರಾದರೂ ಮೆಲ್ಲಗೆ ಗುದ್ದಿದರೆ ಬಂಪರ್ ಉಳಿಯಬಹುದು, ಅಷ್ಟೇ. ಭಾರ ಎಳೆಯಲು ಬಂಪರ್ ಯಾವತ್ತೂ ಆಗುವುದಿಲ್ಲ. ಎಳೆತ ಚಾಸಿಗೆ ಹೋಗಬೇಕು. ಜಿಪ್ಸಿಯ ಹಿಂದೆ ಕಂಪನಿಯೇ ಕೊಟ್ಟ ಕೊಕ್ಕೆ ಇದೆಯಲ್ಲ ಎಂದು ಒಬ್ಬರು ಕೇಳಿದರು. ಅದು ಕೆಸರಲ್ಲಿ ಹೂತ ಗಾಡಿಯನ್ನು ಹಗ್ಗ ಕಟ್ಟಿ ಎಳೆಯಲು. ಟ್ರೇಲರ್ ಮೂತಿಯ, ಅಂದರೆ ಗಾಡಿಗೆ ಸಿಕ್ಕಿಸುವ ಮುಂತುದಿಯ, ಭಾರ ಹೊರಲು ಅಲ್ಲ.

ರೆಡಿಮೇಡ್ ಸಿಗುವುದೇ ಇಲ್ಲ ಎಂದಲ್ಲ. ಜಿಪ್ಸಿಯ ಮೂಲ ಗಾಡಿ ಹೊರದೇಶದಲ್ಲಿ ಸುಜುಕಿ ಎಸ್‌ಜೆ413, ಸಮುರಾಯ್ ಎಂಬ ಹೆಸರಲ್ಲಿ ಓಡುತ್ತದೆ. ಅದಕ್ಕೆ ಯುರೋಪಿನಲ್ಲಿ ಪೂರ್ತಿ ಸೆಟ್ ಮಾರುತ್ತಾರೆ. ಆದರೆ ಅಲ್ಲಿ ಜಾಸ್ತಿ ಇರುವುದು 2030 ಮಿ.ಮೀ. ವೀಲ್‌ಬೇಸಿನ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಗಿಡ್ಡ ಗಾಡಿ. ನಮ್ಮದು 2375. ಹಿಂಭಾಗದ ತೂತುಗಳು ತಾಳೆ ಆಗುತ್ತವೋ ಇಲ್ಲವೋ ನೋಡದೆ ದುಡ್ಡು ಕಳಿಸಲು ಮನಸ್ಸಾಗಲಿಲ್ಲ. ಸಾಗಣೆ, ಸುಂಕ ಸೇರಿದರೆ ಟ್ರೇಲರ್‌ಗಿಂತ ಹುಕ್ಕೇ ದುಬಾರಿ. ಗುಂಡು ಮತ್ತು ಅದರ ಮೇಲೆ ಟೋಪಿಯಂತೆ ಕೂರುವ ಟ್ರೇಲರ್ ಕಡೆಯ ಕಪ್ಲರ್ ಮಾತ್ರ ಒಳ್ಳೆಯದು ಕೊಂಡು, ಉಳಿದದ್ದನ್ನು ಇಲ್ಲೇ ಮಾಡಿಸುವುದು ಎಂದು ತೀರ್ಮಾನಿಸಿದೆ.

ಟ್ರೇಲರ್ ಮೂತಿಯಲ್ಲಿ ಮೊದಲು ಕಬ್ಬಿಣದ ಬಳೆ ಇತ್ತು. ಮಿಲಿಟರಿ ಜೀಪಿನ ಹಿಂದೆ ಬಾಯಿ ಮುಚ್ಚಿಕೊಳ್ಳುವ ಹುಕ್ ಇರುತ್ತದಲ್ಲ, ಅದಕ್ಕೆ ಸಿಕ್ಕಿಸುವ ಬಳೆ. ಹಳ್ಳಕೊಳ್ಳದಲ್ಲಿ ಟ್ರೇಲರ್ ಎಷ್ಟೇ ವಾಲಿದರೂ ಅದು ತಿರುಚಿಕೊಳ್ಳುವುದಿಲ್ಲ, ಆ ಮಟ್ಟಿಗೆ ತೋಟದ ದಾರಿಗೆ ಒಳ್ಳೆಯದು. ಆದರೆ ಬಳೆಗೂ ಹುಕ್ಕಿಗೂ ನಡುವೆ ಸಡಿಲ ಇರುತ್ತದೆ. ಬ್ರೇಕ್ ಒತ್ತಿದಾಗಲೆಲ್ಲ ಟಣ್ ಎಂದು ಗುದ್ದುತ್ತದೆ. ಒಂದು ಟನ್ ಆಸುಪಾಸಿನ ಜಿಪ್ಸಿಗೆ ಆ ಗುದ್ದು ಜಾಸ್ತಿ ಅನಿಸಿತು. ಬಳೆ ಬಿಚ್ಚಿ ಗುಂಡಿನ ಕಪ್ಲರ್ ಹಾಕಿಸಿದೆ.

ಗುಂಡಿನ ಅಳತೆಯಲ್ಲಿ ಒಂದು ಸೂಕ್ಷ್ಮ ಇದೆ. ಯುರೋಪಿನ ಗುಂಡು 50 ಮಿ.ಮೀ. ಅಮೆರಿಕದ್ದು ಎರಡು ಇಂಚು, ಅಂದರೆ 50.8. ಕಣ್ಣಿಗೆ ಎರಡೂ ಒಂದೇ. 50ರ ಕಪ್ಲರ್ ಎರಡು ಇಂಚಿನ ಗುಂಡಿನ ಮೇಲೆ ಸರಿಯಾಗಿ ಕೂರುವುದಿಲ್ಲ. ಎರಡು ಇಂಚಿನ ಕಪ್ಲರ್ 50ರ ಮೇಲೆ ಸಲೀಸಾಗಿ ಕೂರುತ್ತದೆ, ಆದರೆ ಸಡಿಲ. ಇದೇ ಹೆಚ್ಚು ಅಪಾಯ, ಯಾಕೆಂದರೆ ಬಿಗಿಯಾಗಿ ಕೂತಂತೆಯೇ ಕಾಣುತ್ತದೆ. ಬೆಂಗಳೂರಿನ ಜೆಸಿ ರಸ್ತೆಯಲ್ಲಿ ಗುಂಡು ಕೊಳ್ಳುವಾಗ ಅಳತೆ ನೋಡುವ ವರ್ನಿಯರ್ ಜೇಬಲ್ಲೇ ಇತ್ತು. ಅಂಗಡಿಯವರು ನಕ್ಕರು. ನಗಲಿ ಬಿಡಿ. ಅವರು ಎರಡೂ ಬಗೆಯದನ್ನು ಒಂದೇ ಡಬ್ಬಿಯಲ್ಲಿ ಹಾಕಿಟ್ಟಿದ್ದರು.

ಇನ್ನು ಚಾಸಿ. ಜಿಪ್ಸಿಯದು ಡಬ್ಬಿಯಾಕಾರದ ಏಣಿ ಚಾಸಿ. ಮಲೆನಾಡಿನ ಮಳೆಯಲ್ಲಿ ಅದರೊಳಗೆ ಕೆಸರು ಸೇರಿ, ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಹೊರಗೆ ಕಪ್ಪು ಪೇಂಟ್ ಚೆನ್ನಾಗಿಯೇ ಇರುತ್ತದೆ. ನೀರು ಹೊಡೆದು ತೊಳೆದು, ಸಣ್ಣ ಸುತ್ತಿಗೆಯಲ್ಲಿ ಹಿಂದಿನ ಆಕ್ಸಲ್‌ನಿಂದ ತುದಿಯವರೆಗೆ ಅಂಗುಲ ಅಂಗುಲ ತಟ್ಟಿದೆ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಟೊಳ್ಳಾದಲ್ಲಿ ಡಬ್ ಎನ್ನುತ್ತದೆ. ಎಡಗಡೆ ಕೊನೆಯ ಅಡ್ಡಪಟ್ಟಿ ಸೇರುವ ಮೂಲೆಯಲ್ಲಿ ಡಬ್ ಎಂದಿತು. ಸ್ಕ್ರೂಡ್ರೈವರ್ ಒತ್ತಿದರೆ ತುದಿ ಒಳಗೇ ಹೋಯಿತು. ಅಷ್ಟು ಭಾಗ ಕತ್ತರಿಸಿ ಹೊಸ ಪ್ಲೇಟ್ ಹಾಕಿಸದೆ ಹುಕ್ಕಿನ ಮಾತೇ ಇಲ್ಲ.

ಕೆಲಸ ಮಾಡಿಕೊಟ್ಟವರು ಊರಲ್ಲಿ ರ‍್ಯಾಲಿ ಗಾಡಿಗಳಿಗೆ ರೋಲ್ ಕೇಜ್ (ಗಾಡಿ ಮಗುಚಿದರೆ ಒಳಗಿನವರನ್ನು ಕಾಯುವ ಪೈಪಿನ ಚೌಕಟ್ಟು) ಮಾಡುವವರು. ಚಿಕ್ಕಮಗಳೂರಿನಲ್ಲಿ ರ‍್ಯಾಲಿ ನಡೆಯುತ್ತಾ ಬಂದಿರುವುದರಿಂದ ಈ ಒಂದು ಅನುಕೂಲ ನಮಗಿದೆ. ಜಿಪ್ಸಿಯ ಮೈಯೆಲ್ಲ ಗೊತ್ತಿರುವ ಕೈಗಳು ಇಲ್ಲಿ ಸಿಗುತ್ತವೆ. ಅವರಿಗೂ ನನಗೂ ಒಂದೇ ವಾದ.

“ಬೋಲ್ಟ್ ಯಾಕೆ ಸಾರ್? ಸುತ್ತಾ ವೆಲ್ಡ್ ಹೊಡೆದುಬಿಟ್ರೆ ಅಲ್ಲಾಡೋದೇ ಇಲ್ಲ.”

“ಅಲ್ಲಾಡಲ್ಲ ಅಣ್ಣ, ಸೀಳುತ್ತೆ. ಇಪ್ಪತ್ತೈದು ವರ್ಷ ದಾಟಿದ ತಗಡು ಅದು.”

ವೆಲ್ಡಿನ ಪಕ್ಕದ ಲೋಹ ಕಾಸಿದ್ದರಿಂದ ಗುಣ ಬದಲಾಯಿಸುತ್ತದೆ. ದಿನಾ ಎಳೆತ, ಗುದ್ದು ಬಿದ್ದಾಗ ಸೀಳು ಅಲ್ಲಿಂದಲೇ ಶುರು. ಬೋಲ್ಟ್ ಆದರೆ ಬಿಚ್ಚಬಹುದು, ನೋಡಬಹುದು. ಹದಿನೈದು ವರ್ಷ ದಾಟಿದ ಗಾಡಿಯನ್ನು ಐದೈದು ವರ್ಷಕ್ಕೆ ಆರ್‌ಟಿಒ ಮುಂದೆ ನಿಲ್ಲಿಸಿ ಆರ್‌ಸಿ ನವೀಕರಿಸಬೇಕಲ್ಲ, ಆಗ ಕಳಚಿಟ್ಟು ಹೋಗಬಹುದು. ಕೊನೆಗೆ ಅವರು ಒಪ್ಪಿದರು, ಪೂರ್ತಿ ಮನಸ್ಸಿನಿಂದ ಅಲ್ಲ.

ಜಿಪ್ಸಿಯ ಪೆಟ್ರೋಲ್ ಟ್ಯಾಂಕ್ ಹಿಂದುಗಡೆಯೇ ಇರುತ್ತದೆ. ಮೊದಲು ಅದನ್ನು ಇಳಿಸಿ ಶೆಡ್ಡಿನಿಂದ ದೂರ ಇಟ್ಟೆವು. ಖಾಲಿ ಟ್ಯಾಂಕ್ ತುಂಬಿದ್ದಕ್ಕಿಂತ ಅಪಾಯ, ಒಳಗೆ ಆವಿ ಇರುತ್ತದೆ. ಚಾಸಿಯ ಮೂಲೆಗೆ ಪ್ಲೇಟ್ ಹಾಕುವ ಮುಂಚೆ ಬ್ಯಾಟರಿ ಕೂಡ ಕಳಚಿಟ್ಟಾಯಿತು. ಆಮೇಲೆ ರಟ್ಟು ಕತ್ತರಿಸಿ ಚಾಸಿಗೆ ಹಿಡಿದು, ಕಂಪನಿ ಕೊಟ್ಟ ತೂತುಗಳನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿ, ಅದೇ ಅಳತೆಗೆ 8 ಮಿ.ಮೀ. ಪ್ಲೇಟ್ ಕತ್ತರಿಸಿದರು. ಎರಡೂ ಬದಿಗೆ ಒಂದೊಂದು ಪ್ಲೇಟ್, ನಡುವೆ ಅಡ್ಡಕ್ಕೆ ದಪ್ಪ ಚೌಕ ಪೈಪು, ಪೈಪಿನ ಮಧ್ಯೆ ಗುಂಡು ಕೂರುವ, ಕೆಳಗೆ ಇಳಿಬಿಟ್ಟ ಪ್ಲೇಟ್. ಇವೆಲ್ಲದರ ವೆಲ್ಡಿಂಗ್ ಬೆಂಚಿನ ಮೇಲೆ ಆಯಿತು, ಗಾಡಿಯ ಮೇಲೆ ಅಲ್ಲ. ಹೊಸ ತೂತು ಬೇಕಾದಲ್ಲಿ ಚಾಸಿಯ ಪಕ್ಕದ ಗೋಡೆಯಲ್ಲಿ ಮಾತ್ರ ಕೊರೆದೆವು. ಮೇಲಿನ, ಕೆಳಗಿನ ಮುಖ ಮುಟ್ಟಲಿಲ್ಲ. ಚಾಸಿ ಬಾಗುವಾಗ ಬಲವೆಲ್ಲ ಅಲ್ಲೇ ಇರುವುದು.

ಡಬ್ಬಿ ಚಾಸಿಗೆ ಬೋಲ್ಟ್ ಹಾಕಿ ಸುಮ್ನೆ ಬಿಗಿದರೆ ತಗಡು ಒಳಗೆ ಕುಸಿಯುತ್ತದೆ. ಬಿಗಿಯಾಯಿತು ಎಂದುಕೊಳ್ಳುತ್ತೇವೆ, ವಾರ ಕಳೆದರೆ ಸಡಿಲ. ಅದಕ್ಕೆ ಪ್ರತಿ ತೂತಿನೊಳಗೂ ಚಾಸಿ ಅಗಲಕ್ಕೆ ಸರಿಯಾಗಿ ಪೈಪಿನ ತುಂಡು ಕೂರಿಸಿ, ಅದರೊಳಗಿನಿಂದ ಬೋಲ್ಟ್ ದಾಟಿಸಬೇಕು. ಬೋಲ್ಟ್ ಎಂ12, ತಲೆಯ ಮೇಲೆ ಬಲದ ದರ್ಜೆ 8.8 ಎಂದು ಕೊರೆದಿರಬೇಕು. ನಂಬರ್ ಇಲ್ಲದ ಬೋಲ್ಟನ್ನು ದನದ ಕೊಟ್ಟಿಗೆಯ ಬಾಗಿಲಿಗೆ ಹಾಕಿ. ಟಾರ್ಕ್ ರೆಂಚಿನಲ್ಲಿ ಸುಮಾರು 80 ನ್ಯೂಟನ್ ಮೀಟರ್‌ಗೆ ಬಿಗಿದೆವು, ನೈಲಾನ್ ಲಾಕ್ ನಟ್ ಹಾಕಿ.

ಗುಂಡಿನ ಎತ್ತರಕ್ಕೆ ಯುರೋಪಿನ ಲೆಕ್ಕ ನೆಲದಿಂದ 350ರಿಂದ 420 ಮಿ.ಮೀ., ಗಾಡಿಯಲ್ಲಿ ಲೋಡ್ ಇದ್ದಾಗ. ಜಿಪ್ಸಿ ಎತ್ತರದ ಗಾಡಿ, ಅದಕ್ಕೇ ಇಳಿಬಿಟ್ಟ ಪ್ಲೇಟ್ ಬೇಕಾಯಿತು. ಟ್ರೇಲರ್ ಸಮತಟ್ಟಾಗಿ ಅಥವಾ ಕೂದಲೆಳೆಯಷ್ಟು ಮೂತಿ ತಗ್ಗಿಸಿ ನಿಲ್ಲಬೇಕು. ಹಿಂದಿನ ಸ್ಟೆಪ್ನಿಯನ್ನೂ ಮರೆಯಬೇಡಿ. ಟ್ರೇಲರ್ ಮೂತಿಗಿರುವ ಪುಟ್ಟ ಗಾಲಿಯ ಹಿಡಿ ಹಾಗೆಯೇ ಇದ್ದಿದ್ದರೆ ತಿರುವಿನಲ್ಲಿ ಸ್ಟೆಪ್ನಿಗೆ ತಾಗುತ್ತಿತ್ತು. ಅದನ್ನು ಪಕ್ಕಕ್ಕೆ ಸರಿಸಿದೆವು. ಗುಂಡು ನಂಬರ್ ಪ್ಲೇಟನ್ನು ಮರೆ ಮಾಡಬಾರದು, ಅದೂ ನೋಡಿಕೊಳ್ಳಿ.

ವೈರಿಂಗ್ ಸುಲಭ. ಏಳು ಪಿನ್ನಿನ ಸಾಕೆಟ್ ಯಾವ ಟ್ರ್ಯಾಕ್ಟರ್ ಸ್ಪೇರ್ ಅಂಗಡಿಯಲ್ಲೂ ಸಿಗುತ್ತದೆ. ಹಳದಿ ಎಡ ಇಂಡಿಕೇಟರ್, ಹಸಿರು ಬಲ, ಕೆಂಪು ಬ್ರೇಕ್, ಕಂದು ಬಲ ಟೇಲ್ ಲೈಟ್, ಕಪ್ಪು ಎಡ ಟೇಲ್ ಲೈಟ್, ಬಿಳಿ ಅರ್ತ್. ನೀಲಿ ಫಾಗ್ ಲೈಟಿಗೆ, ನಮಗೆ ಅದು ಖಾಲಿ. ಅರ್ತ್‌ಗೆ ಗುಂಡನ್ನೇ ನಂಬಬೇಡಿ. ಅಲ್ಲಿ ಗ್ರೀಸ್ ಇರುತ್ತದೆ, ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುವಂಥ ಚೇಷ್ಟೆ ಶುರುವಾಗುತ್ತದೆ. ಬಿಳಿ ವೈರನ್ನು ಚಾಸಿಗೆ ಬೇರೆಯಾಗಿ ಎಳೆಯಿರಿ. ಟ್ರೇಲರಿನ 21 ವ್ಯಾಟ್ ಬಲ್ಬುಗಳು ಸೇರಿದ್ದರಿಂದ ಇಂಡಿಕೇಟರ್ ಮಿಣುಕಿಸುವ ಹಳೇ ಫ್ಲಾಶರ್ ತಾಳ ತಪ್ಪಿತು. ಎಲೆಕ್ಟ್ರಾನಿಕ್ ಫ್ಲಾಶರ್ ಹಾಕಿದ ಮೇಲೆ ಸರಿ.

ಮೂತಿ ಭಾರ ತೂಗಲು ಏನೂ ಕೊಳ್ಳಲಿಲ್ಲ. ಸಂಜೆ ಕುಯ್ಲಿನವರ ಹಣ್ಣು ತೂಗುವ ನೇತುಹಾಕುವ ತಕ್ಕಡಿ ಇತ್ತಲ್ಲ, ಅದನ್ನೇ ಮೂರು ಕಾಲಿನ ಕಂಬಕ್ಕೆ ಕಟ್ಟಿ ಕಪ್ಲರನ್ನು ಅದಕ್ಕೆ ಸಿಕ್ಕಿಸಿದೆವು. ಒಟ್ಟು ಭಾರದ ಹತ್ತರಲ್ಲೊಂದು ಭಾಗ ಮೂತಿಯಲ್ಲಿ ಇದ್ದರೆ ಚೆನ್ನ. 400 ಕೆಜಿಗೆ 40. ಒಂದು ಮೂಟೆಯನ್ನು ಆಕ್ಸಲ್ ಹಿಂದಕ್ಕೆ ತಳ್ಳಿದ್ದೇ ತಡ, ಮುಳ್ಳು ಸರ‍್ರನೆ ಇಳಿಯಿತು. ಮೂತಿ ಹಗುರಾದರೆ ಟ್ರೇಲರ್ ಬಾಲ ಆಡಿಸುತ್ತದೆ. ಜಾಸ್ತಿಯಾದರೆ ಜಿಪ್ಸಿಯ ಹಿಂದಿನ ಸ್ಪ್ರಿಂಗ್ ಪ್ಲೇಟು ಕುಸಿದು ಸ್ಟಿಯರಿಂಗ್ ಹಗುರಾಗುತ್ತದೆ. ಮೂಟೆ ಎಲ್ಲಿಡಬೇಕು ಎಂದು ಟ್ರೇಲರ್ ಹಲಗೆ ಮೇಲೆ ಪೇಂಟಿನಲ್ಲಿ ಗೆರೆ ಎಳೆದಿದ್ದೇನೆ. ನಾನಿಲ್ಲದಾಗ ತುಂಬುವವರಿಗೆ ಗೊತ್ತಾಗಬೇಕಲ್ವಾ?

ಬ್ರೇಕ್ ಇಲ್ಲದ ಟ್ರೇಲರ್ ಆದ್ದರಿಂದ ಒಟ್ಟು ಭಾರ 400 ಕೆಜಿ ಮೀರುವಂತೆ ನಾನು ತುಂಬುವುದಿಲ್ಲ. ಯುರೋಪಿನಲ್ಲಿ ಇಂಥದಕ್ಕೆ ಎಳೆಯುವ ಗಾಡಿಯ ಖಾಲಿ ತೂಕದ ಅರ್ಧ, ಅದೂ 750 ಕೆಜಿ ಮೀರದ ಹಾಗೆ, ಮಿತಿ ಇದೆ. ನಮ್ಮ ಇಳಿಜಾರಿನಲ್ಲಿ ಅದಕ್ಕೂ ಕಡಿಮೆಯೇ ವಾಸಿ. ಹಣ್ಣು ತುಂಬಿ ಇಳಿಯುವಾಗ ಫೋರ್ ವ್ಹೀಲಿನ ನಿಧಾನದ ಲೋ ರೇಂಜ್, ಅದರಲ್ಲಿ ಎರಡನೇ ಗೇರ್, ಇಂಜಿನ್ನೇ ಹಿಡಿದುಕೊಳ್ಳಲಿ. ಎರಡು ಸರಪಳಿಗಳನ್ನು ಮೂತಿಯ ಕೆಳಗೆ ಕತ್ತರಿಯಾಗಿ ಕಟ್ಟುತ್ತೇವೆ. ಕಪ್ಲರ್ ಕಳಚಿಕೊಂಡರೂ ಮೂತಿ ನೆಲಕ್ಕೆ ಚುಚ್ಚದೆ ಸರಪಳಿಯ ಮೇಲೆ ಕೂರುತ್ತದೆ. ಮೊದಲ ವಾರದ ಲೋಡ್ ಮುಗಿದ ಮೇಲೆ ಎಲ್ಲ ಬೋಲ್ಟಿಗೂ ಮತ್ತೆ ಟಾರ್ಕ್ ಹಾಕಿದೆ. ಎರಡು ಸ್ವಲ್ಪ ತಿರುಗಿದವು. ಈಗ ಪ್ರತಿ ಕುಯ್ಲಿನ ಮುಂಚೆ ಒಮ್ಮೆ, ಮಳೆ ಹಿಡಿಯುವ ಮುಂಚೆ ಒಮ್ಮೆ ನೋಡುತ್ತೇನೆ. ಚಾಸಿಯೊಳಗೆ ವೇಸ್ಟ್ ಆಯಿಲ್ ಬಿಡುವುದೂ ಆಗಲೇ.