ಆಫೀಸಿನ ವಿಮೆಯೂ ಇದೆ, ಸ್ವಂತ ಪಾಲಿಸಿಯೂ ಇದೆ: ಆಸ್ಪತ್ರೆ ಬಿಲ್ಲಿಗೆ ಕ್ಲೇಮ್ ಮಾಡುವುದು ಹೇಗೆ?

ಆಸ್ಪತ್ರೆಗೆ ಸೇರಿದ ದಿನವೇ ಎರಡೂ ಕಡೆ ತಿಳಿಸಿಬಿಡಿ. ಆಫೀಸಿನ ಪಾಲಿಸಿಯಲ್ಲೇ ಎಲ್ಲ ಮುಗಿಯುತ್ತದೆ ಅಂದುಕೊಂಡು ಸ್ವಂತ ಪಾಲಿಸಿಯ ಕಂಪನಿಗೆ ಹೇಳದೆ ಇರುವವರೇ ಹೆಚ್ಚು. ಬಿಲ್ಲು ಮಿತಿ ದಾಟಿದ ಮೇಲೆ ಅಲ್ಲಿಗೆ ಹೋದರೆ, ಸಕಾಲಕ್ಕೆ ತಿಳಿಸಿಲ್ಲ ಎಂಬ ತಕರಾರು ಶುರುವಾಗುತ್ತದೆ. ತುರ್ತಾಗಿ ಸೇರಿದರೆ 24 ಗಂಟೆಯೊಳಗೆ, ಮೊದಲೇ ನಿಗದಿಯಾದ ಆಪರೇಷನ್ ಆದರೆ 48ರಿಂದ 72 ಗಂಟೆ ಮುಂಚೆ ತಿಳಿಸಬೇಕು ಎಂದು ಹೆಚ್ಚಿನ ಪಾಲಿಸಿಗಳಲ್ಲಿ ಇರುತ್ತದೆ. ಫೋನ್ ಮಾಡಿದರೂ ಜೊತೆಗೊಂದು ಇಮೇಲ್ ಹಾಕಿ, ತಿಳಿಸಿದ್ದಕ್ಕೆ ಕಂಪನಿ ಕೊಡುವ ಇಂಟಿಮೇಷನ್ ನಂಬರ್ ಬರೆದಿಟ್ಟುಕೊಳ್ಳಿ.

ಮೊದಲು ಯಾವ ಪಾಲಿಸಿ ಬಳಸಬೇಕು ಎಂಬುದು ನಿಮ್ಮ ಆಯ್ಕೆ. ವಿಮಾ ಕಂಪನಿ ಅದನ್ನು ಹೇರುವಂತಿಲ್ಲ. ಸಾಮಾನ್ಯವಾಗಿ ಆಫೀಸಿನದೇ ಮೊದಲಾಗಲಿ. ಗ್ರೂಪ್ ಪಾಲಿಸಿಗಳಲ್ಲಿ ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ರಕ್ಷಣೆ ಸಿಗುವುದು ಹೆಚ್ಚು. ಸ್ವಂತ ಪಾಲಿಸಿಯಲ್ಲಾದರೆ 3 ವರ್ಷದವರೆಗೂ ಕಾಯಬೇಕಾಗಬಹುದು. ಕ್ಲೇಮ್ ಮಾಡದಿದ್ದರೆ ಅದರ ಬೋನಸ್ಸೂ ಉಳಿಯುತ್ತದೆ. ಆದರೆ ಆಫೀಸಿನ ಪಾಲಿಸಿಯಲ್ಲಿ ಆ ಆಪರೇಷನ್ನಿಗೆ ಪ್ರತ್ಯೇಕ ಮಿತಿಯಿದ್ದರೆ, ಅಥವಾ ರೂಮ್ ಬಾಡಿಗೆಯ ಮಿತಿ ತೀರಾ ಕಡಿಮೆಯಿದ್ದರೆ ಎರಡನ್ನೂ ಹೋಲಿಸಿ ನೋಡಿ.

ಈ ರೂಮ್ ಬಾಡಿಗೆಯ ಲೆಕ್ಕದಲ್ಲಿ ಜನ ಕಳೆದುಕೊಳ್ಳುವ ಹಣ ಅಷ್ಟಿಷ್ಟಲ್ಲ. ದಿನಕ್ಕೆ 5,000 ರೂಪಾಯಿ ಮಿತಿಯಿದ್ದು, ನೀವು 8,000ದ ರೂಮ್ ತೆಗೆದುಕೊಂಡಿರಿ ಅನ್ನಿ. ಕೈಯಿಂದ ಹೋಗುವುದು ದಿನಕ್ಕೆ 3,000 ಮಾತ್ರವಲ್ಲ. ಸರ್ಜನ್ ಫೀಸು, ಓಟಿ ಚಾರ್ಜು, ನರ್ಸಿಂಗ್ ಎಲ್ಲದರಲ್ಲೂ ಎಂಟರಲ್ಲಿ ಐದು ಪಾಲು ಮಾತ್ರ ಮಂಜೂರಾಗುತ್ತದೆ. ಇವೆಲ್ಲ ಸೇರಿ 1,60,000 ಆಗಿದ್ದರೆ ಸಿಗುವುದು 1,00,000. ಔಷಧಿ, ಇಂಪ್ಲಾಂಟ್, ಲ್ಯಾಬ್ ಮತ್ತು ಸ್ಕ್ಯಾನಿಂಗ್, ಐಸಿಯು ಬಾಡಿಗೆಗಳಲ್ಲಿ ಹೀಗೆ ಕಡಿತ ಮಾಡುವಂತಿಲ್ಲ. ಯಾವ ರೂಮಿನಲ್ಲಿದ್ದರೂ ಒಂದೇ ದರ ಹಾಕುವ ಆಸ್ಪತ್ರೆಯಾದರೆ ಈ ಕಡಿತವೇ ಅನ್ವಯಿಸುವುದಿಲ್ಲ. ಬಿಲ್ಲಿಂಗ್ ವಿಭಾಗದಿಂದ ಅದನ್ನು ಪತ್ರದಲ್ಲಿ ಬರೆಸಿಕೊಳ್ಳಿ.

ಕ್ಯಾಶ್‌ಲೆಸ್‌ಗೆ (ಕಂಪನಿಯೇ ಆಸ್ಪತ್ರೆಗೆ ನೇರವಾಗಿ ಹಣ ಕಟ್ಟುವ ವ್ಯವಸ್ಥೆ) ಆಸ್ಪತ್ರೆಯ ಟಿಪಿಎ (ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆ) ಡೆಸ್ಕಿನಲ್ಲಿ ಇ-ಕಾರ್ಡ್, ಆಧಾರ್, ನೌಕರರ ಗುರುತಿನ ಸಂಖ್ಯೆ ಕೊಟ್ಟು ಪ್ರೀ-ಆಥ್ (ಮುಂಗಡ ಮಂಜೂರಾತಿ) ಫಾರಂ ತುಂಬಿಸಿ. ಐಆರ್‌ಡಿಎಐ (ವಿಮಾ ನಿಯಂತ್ರಣ ಪ್ರಾಧಿಕಾರ) 2024ರಲ್ಲಿ ಹೊರಡಿಸಿದ ನಿಯಮದ ಪ್ರಕಾರ ಕಂಪನಿ 1 ಗಂಟೆಯೊಳಗೆ ತೀರ್ಮಾನ ತಿಳಿಸಬೇಕು, ಡಿಸ್ಚಾರ್ಜ್ ಸಮಯದ ಅಂತಿಮ ಮಂಜೂರಾತಿ 3 ಗಂಟೆಯೊಳಗೆ ಬರಬೇಕು. ಮೊದಲು ಬರುವ ಮೊತ್ತ ಸಣ್ಣದಾಗಿದ್ದರೆ ಗಾಬರಿ ಬೇಡ, ಬಿಲ್ಲು ಏರಿದಂತೆ ಆಸ್ಪತ್ರೆಯವರು ಹೆಚ್ಚುವರಿ ಮಂಜೂರಾತಿ ಕೇಳುತ್ತಾರೆ.

ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂದ ತಕ್ಷಣ, ಅಲ್ಲೇ ಕುಳಿತು ಓದಿ. ಹೆಸರು, ವಯಸ್ಸು, ಸೇರಿದ ದಿನ ಮತ್ತು ಗಂಟೆ ನೋಡಿದ ಮೇಲೆ ಹಳೆಯ ಕಾಯಿಲೆಗಳ ಸಾಲಿಗೆ ಬನ್ನಿ. ಬಿಪಿ ಶುರುವಾಗಿ 2 ವರ್ಷವಾಗಿದ್ದರೆ, ಡ್ಯೂಟಿ ಡಾಕ್ಟರ್ ಅವಸರದಲ್ಲಿ 10 ವರ್ಷ ಎಂದು ಬರೆದಿರಬಹುದು. ಆಫೀಸಿನ ಪಾಲಿಸಿಗೆ ಅದರಿಂದ ಏನೂ ಆಗಲಿಕ್ಕಿಲ್ಲ. ಸ್ವಂತ ಪಾಲಿಸಿಯ ಕಂಪನಿ ಮಾತ್ರ, ಪಾಲಿಸಿ ತೆಗೆದುಕೊಳ್ಳುವಾಗ ಬಿಪಿ ಮುಚ್ಚಿಟ್ಟಿದ್ದೀರಿ ಎಂದು ಕ್ಲೇಮನ್ನೇ ತಳ್ಳಿಹಾಕಬಹುದು. ತಪ್ಪಿದ್ದರೆ ಮನೆಗೆ ಹೊರಡುವ ಮುಂಚೆಯೇ ಡಾಕ್ಟರ ಸಹಿ, ಸೀಲಿನೊಂದಿಗೆ ತಿದ್ದಿಸಿ. ಆಮೇಲೆ ತಿದ್ದಿಸಿ ತಂದರೆ ಅನುಮಾನದಿಂದ ನೋಡುತ್ತಾರೆ.

ಇನ್ನು ಎರಡನೇ ಕ್ಲೇಮ್. ಬಿಲ್ಲು 4,80,000, ಆಫೀಸಿನ ವಿಮೆ 3,00,000 ಎಂದುಕೊಳ್ಳೋಣ. ಉಳಿದ 1,80,000ಕ್ಕೆ ಸ್ವಂತ ಪಾಲಿಸಿಯಲ್ಲೂ ಕ್ಯಾಶ್‌ಲೆಸ್ ಕೇಳಿ ನೋಡಿ. ಆಸ್ಪತ್ರೆ ಒಪ್ಪದಿದ್ದರೆ ಕಟ್ಟಿ, ರಸೀದಿ ಪಡೆದು, ಮರುಪಾವತಿಗೆ ಹಾಕಿ. ಅದರಲ್ಲಿ ಗ್ಲೌಸು, ಮಾಸ್ಕು, ರಿಜಿಸ್ಟ್ರೇಷನ್ನಿನಂಥ 12,000 ಎರಡೂ ಕಡೆ ಸಿಗದ ಬಾಬತ್ತಾದರೆ, ಬೇರೆ ಕಡಿತವಿಲ್ಲದಿದ್ದಲ್ಲಿ 1,68,000 ಬರಬೇಕು. ಮೊದಲ ಪಾಲಿಸಿಯ ಮೊತ್ತ ಪೂರ್ತಿ ಮುಗಿದಿರಲೇಬೇಕು ಎಂದೇನಿಲ್ಲ. ಅಲ್ಲಿ ಕಡಿತವಾದದ್ದನ್ನೂ, ಅಪ್ಪ-ಅಮ್ಮನ ಬಿಲ್ಲಿನಲ್ಲಿ ನಾವೇ ಭರಿಸಬೇಕಾದ ಪಾಲು (ಕೋ-ಪೇ) ಸೇರಿದಂತೆ, ಇಲ್ಲಿ ಕೇಳುವ ಹಕ್ಕಿದೆ. ಈ ಪಾಲಿಸಿಯ ಷರತ್ತಿನಂತೆ ತೀರ್ಮಾನವಾಗುತ್ತದೆ.

ಕ್ಯಾಶ್‌ಲೆಸ್ ಆದಾಗ ಮೂಲ ಕಾಗದಗಳೆಲ್ಲ ಟಿಪಿಎಗೆ ಹೋಗಿಬಿಡುತ್ತವೆ. ಹಾಗಾಗಿ ಡಿಸ್ಚಾರ್ಜ್ ದಿನವೇ ಸಮ್ಮರಿ, ಬಾಬತ್ತುವಾರು ಬಿಲ್ಲು, ಲ್ಯಾಬ್ ರಿಪೋರ್ಟ್, ಇಂಪ್ಲಾಂಟ್ ಸ್ಟಿಕ್ಕರ್ ಮತ್ತು ಅದರ ಇನ್‌ವಾಯ್ಸ್ ಇವುಗಳ ಒಂದು ಸೆಟ್ ಜೆರಾಕ್ಸಿಗೆ ಆಸ್ಪತ್ರೆಯ ಸೀಲು ಹಾಕಿಸಿಕೊಳ್ಳಿ. ಮೊದಲ ಕಂಪನಿಯ ಸೆಟಲ್‌ಮೆಂಟ್ ಲೆಟರ್ ಇಲ್ಲದೆ ಎರಡನೆಯದು ಕದಲುವುದಿಲ್ಲ. ಎಷ್ಟು ಕೊಟ್ಟರು, ಯಾವುದನ್ನು ಏಕೆ ಕಡಿತ ಮಾಡಿದರು ಎಂಬ ವಿವರ ಅದರಲ್ಲಿರಬೇಕು. ಇವುಗಳ ಜೊತೆ ಕ್ಲೇಮ್ ಫಾರಂನಲ್ಲಿ ನೀವು ತುಂಬಿದ ಪಾರ್ಟ್ ಎ, ಆಸ್ಪತ್ರೆ ತುಂಬಿದ ಪಾರ್ಟ್ ಬಿ, ನೀವು ಕಟ್ಟಿದ ಹಣದ ಮೂಲ ರಸೀದಿ, ಕ್ಯಾನ್ಸಲ್ ಮಾಡಿದ ಚೆಕ್, ಪ್ಯಾನ್ ಇರಲಿ. ಗಡುವು ಸಾಮಾನ್ಯವಾಗಿ ಡಿಸ್ಚಾರ್ಜ್ ಆದ 15ರಿಂದ 30 ದಿನ. ಸೆಟಲ್‌ಮೆಂಟ್ ಲೆಟರ್ ತಡವಾದರೆ ಉಳಿದದ್ದನ್ನೆಲ್ಲ ಸಲ್ಲಿಸಿ, ತಡವಾದ ಕಾರಣವನ್ನು ಇಮೇಲಿನಲ್ಲಿ ಬರೆಯಿರಿ.

ಪಾರ್ಟ್ ಎಯಲ್ಲಿ, ಸದ್ಯ ಬೇರೆ ಆರೋಗ್ಯ ವಿಮೆ ಇದೆಯೇ ಎಂಬ ಪ್ರಶ್ನೆ ಇದೆ. ಹೌದು ಎಂದು ಗುರುತು ಹಾಕಿ, ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ ಬರೆಯಿರಿ. ಎರಡು ವಿಮೆ ಇರುವುದು ತಪ್ಪೇನಲ್ಲ, ಇಲ್ಲ ಎಂದು ಬರೆಯುವುದೇ ಮುಂದೆ ತೊಡಕು.

ಕ್ಲೇಮ್ ತಿರಸ್ಕೃತವಾದರೆ ಪಾಲಿಸಿಯ ಯಾವ ಷರತ್ತಿನಡಿ ಎಂದು ಲಿಖಿತವಾಗಿ ಕೇಳಿ, ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಇಂಥ ದೂರುಗಳನ್ನು ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ಕಂಪನಿಯ ಅಂತಿಮ ಉತ್ತರ ಬಂದು 1 ವರ್ಷ ಕಳೆಯುವುದರೊಳಗೆ ಸಲ್ಲಿಸಬೇಕು. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನಲ್ಲಿದೆ.